ಓಟದ ದಿನದ ನುಚ್ಚು

ಅಡಿಗೆ ಮಾಡಿದವರ ಮನಸ್ಸಿನ ನಗು, ನೋವು, ನೆನಪು ಉಂಡವರಿಗೆ ಬರುವ ಕಾಲವಿದು. ಆದ್ದರಿಂದ ನಮ್ಮ ಓಟಗಾರ್ತಿಯರ ಹಾಸ್ಟೆಲಿನಲ್ಲಿ ದುಃಖವಿದ್ದವರು ಒಲೆ ಮುಟ್ಟುವಂತಿಲ್ಲ. ನನ್ನ ಹೆಂಡತಿ ನೀಲವ್ವ ಲಿಂಗೈಕ್ಯಳಾಗಿ ಹದಿನೆಂಟು ದಿನವಾಗಿತ್ತು. ಅಂದಿನಿಂದ ನಾನು ಪಾತ್ರೆ ತೊಳೆಯುತ್ತಿದ್ದೆ; ನಗುಮುಖದ ಹೊಸಬನೊಬ್ಬ ಅಡಿಗೆ ಮಾಡುತ್ತಿದ್ದ.

ರಾಜ್ಯ ತಂಡದ ಆಯ್ಕೆಗೆ ಹತ್ತು ಕಿಲೋಮೀಟರ್ ಓಟವಿದ್ದ ಬೆಳಿಗ್ಗೆ ಪೂಜೆ ಮುಗಿಸಿ ಬಂದಾಗ ಹಾಸ್ಟೆಲಿನ ಓಟಗಾರ್ತಿ ಶಾಂಭವಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಸಂಗಯ್ಯ ಕಾಕಾ, ಇವತ್ತ ನನ್ನ ನುಚ್ಚು ನೀವ ಮಾಡ್ರಿ.”

“ಹುಚ್ಚಿ, ಅಳಕೋತ ಓಡ್ತಿಯೇನು? ಸೋತ್ರ ತಂಡದಾಗ ಜಾಗಾ ಇಲ್ಲ.”

“ಆ ಹೊಸ ಅಡಗಿ ಅಣ್ಣನ ನಗಿ ಆರು ಕಿಲೋಮೀಟರಿಗೆ ಮುಗಿತದರಿ. ಆಮ್ಯಾಲ ಕಾಲು ನೋಯ್ತಾವು. ಆ ನಗಿಗೆ ನೋವಂದ್ರ ಏನಂತ ಗೊತ್ತಿಲ್ಲ. ನೀವು ದಿನಾ ಎದ್ದು ಪೂಜಿ ಮಾಡಿ ಪಾತ್ರಿ ತಿಕ್ಕತೀರಿ. ನನಗ ಅದು ಬೇಕು.”

ಶಿವನನ್ನು ನೆನೆದು ಒಲೆ ಹಚ್ಚಿದೆ. ಅಳು ಬಂತು, ತಡೆಯಲಿಲ್ಲ, ಸೌಟನ್ನೂ ನಿಲ್ಲಿಸಲಿಲ್ಲ.

ಮೊದಲ ತುತ್ತಿಗೇ ಅವಳ ಕಣ್ಣು ತುಂಬಿದವು. ಅರ್ಧ ಬಟ್ಟಲಾದ ಮೇಲೆ ಬಿಕ್ಕುತ್ತಲೇ ನಕ್ಕಳು.

“ನೀಲವ್ವ ಕಾಕು ನಿಮಗ ಇಷ್ಟು ಬೈತಿದ್ರೇನ್ರಿ?”

“ಉಪ್ಪು ಹೆಚ್ಚಾದ್ರ ಬೈತಿದ್ಲು.”

“ಇವತ್ತೂ ಹೆಚ್ಚಾಗೇದ.”

ಮೈದಾನದ ಬೇಲಿಯ ಬಳಿ ನಿಂತು ನೋಡಿದೆ. ಏಳನೆಯ ಕಿಲೋಮೀಟರಿನಲ್ಲಿ ಮುಂದಿದ್ದವರ ನಗು ಮಾಸಿತು. ಶಾಂಭವಿ ಅಳುತ್ತಲೇ ಒಬ್ಬೊಬ್ಬರನ್ನಾಗಿ ದಾಟಿದಳು. ಕೊನೆಯ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ಬಂದು ನನ್ನತ್ತ ಕೈ ಬೀಸಿದಳು. ಬಿಸಿಲಲ್ಲಿ ನಿಂತ ನನ್ನನ್ನು ನೀಲವ್ವ ಹಾಗೆಯೇ ಕೈ ಬೀಸಿ ಗದರುತ್ತಿದ್ದಳು.

ನಾನು ನೆರಳಿಗೆ ಸರಿದೆ.