ಪಲ್ಲಕ್ಕಿಯ ಕೆಳಗೆ

ಪಲ್ಲಕ್ಕಿಯ ಹಿಂದಿನ ಮೂಲೆ ಗೋಡೆಗೆ ತಗುಲದಂತೆ ನೋಡಿಕೊಳ್ಳಲು ತಿರುವಿನಲ್ಲಿ ಹಿಂದಕ್ಕೆ ಬಂದ ಗಾಸ್ಪರನಿಗೆ ಕಲ್ಲುಹಾಸಿನ ಮೇಲೆ ರಕ್ತ ಕಾಣಿಸಿತು. ಹೆಜ್ಜೆಗೊಂದು ಕೆಂಪು ಗುರುತು. ಗುರುತುಗಳ ಸಾಲು ನೋಡಿಯೇ ಜಾಗ ತಿಳಿಯಿತು: ಎಡಬದಿ, ಗೋಡೆಯ ಅಂಚು. ಅಲ್ಲಿ ಹೊರುತ್ತಿದ್ದವನು ಅವನ ಮಗ ಆನ್ಸೆಲ್ಮೊ.

ಶುಭ ಶುಕ್ರವಾರದ ಮಧ್ಯಾಹ್ನ. ಸ್ಪೇನಿನ ಆ ಆಂದಲೂಸಿಯಾ ಊರಿನ ಜನವೆಲ್ಲ ಬೀದಿಯ ಇಕ್ಕೆಲದಲ್ಲಿ ನಿಂತಿತ್ತು. ವ್ಯಾಕುಲಮಾತೆ ಮೇರಿಯ ಪ್ರತಿಮೆಯಿದ್ದ ಪಲ್ಲಕ್ಕಿಯನ್ನು ಮೂವತ್ತು ಗಂಡಸರು ಮಖಮಲ್ ಪರದೆಯೊಳಗಿನ ಕತ್ತಲಲ್ಲಿ, ಕತ್ತಿನ ಮೇಲೆ ಹೊತ್ತು ನಡೆಯುತ್ತಿದ್ದರು. ಅವರಿಗೆ ದಾರಿ ಕಾಣದು, ಮುಂದಾಳು ಗಾಸ್ಪರನ ದನಿಯೇ ಕಣ್ಣು. ನಲವತ್ತು ವರ್ಷದಲ್ಲಿ ಅವನ ಪಲ್ಲಕ್ಕಿ ಒಮ್ಮೆಯೂ ವಾಲಿದ್ದಿಲ್ಲ.

ಆರು ವರ್ಷದ ಹಿಂದೆ ಆನ್ಸೆಲ್ಮೊ ಕುಡಿದ ಅಮಲಿನಲ್ಲಿ ರುಫೀನೊ ಎಂಬುವನ ದವಡೆ ಮುರಿದಿದ್ದ. ಮಗನನ್ನು ಪಲ್ಲಕ್ಕಿ ಹೊರುವ ಸೋದರಸಂಘದಿಂದ ಹೊರಹಾಕಿ ಎಂದು ಮೊದಲು ಕೈ ಎತ್ತಿದವನು ಗಾಸ್ಪರನೇ. ಅಂದಿನಿಂದ ಮಗ ಬ್ರಾಂದಿ ಮುಟ್ಟಿಲ್ಲ, ಹೆಂಚು ಹೊದಿಸುವ ಕೆಲಸಕ್ಕೆ ಹೋಗುವ ಮುನ್ನ ದಿನಾ ಇಗರ್ಜಿಯಲ್ಲಿ ಮಂಡಿಯೂರುತ್ತಾನೆ, ಯಾರು ಕೆಣಕಿದರೂ ಕೈ ಎತ್ತುವುದಿಲ್ಲ ಎಂದು ಜನ ಹೇಳುತ್ತಿದ್ದರು. ಗಾಸ್ಪರ ನಂಬಿರಲಿಲ್ಲ. ಈ ವರ್ಷ ಸಂಘ ಅವನನ್ನು ಮತ್ತೆ ಸೇರಿಸಿಕೊಂಡಾಗಲೂ ಅಪ್ಪನ ಮತ ಬೇಡ ಎಂದೇ ಬಿದ್ದಿತ್ತು. ಹೊರುವವರನ್ನು ಎತ್ತರ ನೋಡಿ ನಿಲ್ಲಿಸುವುದು ಪದ್ಧತಿ. ಅಳತೆಗೆ ಸರಿಯಾಗಿ ಆನ್ಸೆಲ್ಮೊನ ಪಕ್ಕಕ್ಕೆ ಬಂದವನು ಅದೇ ರುಫೀನೊ.

ಗಾಸ್ಪರ ಮುಂದೆ ಹೋಗಿ, ಹೊರುವವರಿಗೆ ಸೂಚನೆ ಕೊಡಲು ಪಲ್ಲಕ್ಕಿಯ ಮುಂಭಾಗಕ್ಕೆ ಜೋಡಿಸಿದ್ದ ಸುತ್ತಿಗೆ ಬಡಿದ. ಪಲ್ಲಕ್ಕಿ ಕಾಲೂರಿ ನಿಂತಿತು. ಎಡಬದಿಯ ಪರದೆಯ ಹತ್ತಿರ ಬಾಗಿ, ಯಾರಿಗಾದರೂ ಗಾಯವಾಗಿದೆಯೇ, ಬದಲಿ ಜನ ಇದ್ದಾರೆ ಎಂದು ಕೇಳಿದ. ಯಾರೂ ಹೊರಬರಲಿಲ್ಲ. ಮುಂದಾಳು ಆಚೆ ಹೋದನೆಂದುಕೊಂಡ ರುಫೀನೊ ಪಿಸುಗುಟ್ಟಿದ್ದು ಮಾತ್ರ ಕೇಳಿಸಿತು.

"ಇನ್ನೊಂದ್ಸಲ ತುಳೀಲೇನೋ? ಒಂದು ಉಗುರು ಹೋಯ್ತು, ಇನ್ನೂ ಒಂಬತ್ತಿದೆ. ಹೊಡಿಯೋ ನೋಡೋಣ. ಹೆತ್ತ ಅಪ್ಪನೇ ಬೇಡ ಅಂದ ಮಗ ನೀನು."

ಗಾಸ್ಪರನ ಕೈ ಪರದೆಗೆ ಹೋಯಿತು. ರುಫೀನೊನ ಕುತ್ತಿಗೆಪಟ್ಟಿ ಹಿಡಿದು ಹೊರಗೆಳೆಯಬೇಕು, ಅದಕ್ಕೂ ಮೊದಲು ಮಗನ ಮುಷ್ಟಿ ಬೀಳುತ್ತದೆ, ಮುಗಿಯಿತು ಎಲ್ಲ ಎಂದುಕೊಂಡ. ಅಷ್ಟರಲ್ಲಿ ಆನ್ಸೆಲ್ಮೊನ ದನಿ ಬಂತು, ಮನೆಯಲ್ಲಿ ಉಪ್ಪು ಕೇಳಿದಷ್ಟು ಸಲೀಸಾಗಿ.

"ಉಸಿರು ಉಳಿಸ್ಕೊ, ರುಫೀನೊ. ಮುಂದೆ ಏರಿದೆ."

ಗಾಸ್ಪರ ಕೈ ಹಿಂದಕ್ಕೆ ತೆಗೆದುಕೊಂಡ. ಮಗ ಒಬ್ಬನೇ ಗೆದ್ದುಕೊಂಡದ್ದರಲ್ಲಿ ತಾನು ಕೈ ಹಾಕುವುದು ಸರಿಯಲ್ಲ. ಮುಂದಕ್ಕೆ ನಡೆದು ಸುತ್ತಿಗೆಯಿಂದ ಮೂರು ಪೆಟ್ಟು ಹೊಡೆದ. ಮೂವತ್ತು ಬೆನ್ನುಗಳು ಒಂದಾಗಿ ಎದ್ದವು.

ಏರಿನ ನಡುವೆ ಪಲ್ಲಕ್ಕಿ ಎಡಬದಿಯಲ್ಲಿ ಒಮ್ಮೆ ಕುಸಿದಂತಾಯಿತು. ಒಳಗೆ ಯಾರೋ ದಣಿದಿದ್ದರು. ಮರುಕ್ಷಣವೇ ಆ ಭಾರವನ್ನು ಇನ್ನೊಂದು ಕತ್ತು ತನ್ನ ಮೇಲೆ ಎಳೆದುಕೊಂಡಿತು. ಮಾತೆಯ ಮುಂದಿನ ಮೇಣದಬತ್ತಿಗಳು ನೆಟ್ಟಗೇ ಉರಿದವು. ಆ ಕತ್ತು ಯಾರದೆಂದು ಗಾಸ್ಪರನಿಗೆ ಯಾರೂ ಹೇಳಬೇಕಾಗಿರಲಿಲ್ಲ.  ಎಡಕ್ಕೆ ತುಸು, ನಿಧಾನ ಎಂದು ಕೂಗಿದ.

ಇಗರ್ಜಿಯ ಅಂಗಳದಲ್ಲಿ ಹೊತ್ತವರೆಲ್ಲ ಬೆವರಿ ಹೊರಬಂದರು. ಆನ್ಸೆಲ್ಮೊ ಮೆಟ್ಟಿಲ ಮೇಲೆ ಕುಳಿತ. ಬಲಗಾಲಿನ ಬಟ್ಟೆಯ ಶೂ ರಕ್ತದಲ್ಲಿ ತೊಯ್ದು ಕಪ್ಪಾಗಿತ್ತು. ಪಾದ್ರಿಗಳು ಗಾಬರಿಯಿಂದ ಏನಾಯಿತೆಂದು ಕೇಳಿದರೆ, ಒಳಗೆ ಸ್ವಲ್ಪ ಇಕ್ಕಟ್ಟು ಫಾದರ್ ಎಂದಷ್ಟೇ ಹೇಳಿದ. ರುಫೀನೊ ಗೋಡೆಗೆ ಆತು ನಿಂತಿದ್ದ, ತಲೆ ಎತ್ತಲಿಲ್ಲ.

ಎಪ್ಪತ್ತೊಂದು ವರ್ಷದ ಗಾಸ್ಪರ ಜನರ ನಡುವಿನಿಂದ ಬಂದ. ಕಪ್ಪು ಕೋಟನ್ನು ಕಳಚಿ ಮೆಟ್ಟಿಲ ಮೇಲಿಟ್ಟ. ಆಮೇಲೆ ಮಗನ ಮುಂದೆ ಮಂಡಿಯೂರಿ, ಆ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಲೇಸು ಬಿಚ್ಚತೊಡಗಿದ.

"ಬೇಡಪ್ಪಾ, ಏಳು. ಊರೆಲ್ಲ ನೋಡ್ತಿದೆ."

"ನೋಡ್ಲಿ ಅಂತಾನೇ ಕೂತಿದೀನಿ," ಎಂದ ಗಾಸ್ಪರ.