ಬಾನೆಟ್ಟಿನ ಶಕುನ

ಗಂಡಿನ ಊರಿಗೆ ವೀಳ್ಯಶಾಸ್ತ್ರಕ್ಕೆ ಹೊರಟಿದ್ದ ಪಿಕಪ್ಪಿನ ಮೂತಿಯಿಂದ ಬುಸ್ಸೆಂದು ಹಬೆ ಎದ್ದಿತು. ಡ್ರೈವರ್ ಕರಿಯಣ್ಣ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದ.

“ಯಾರೂ ಹತ್ರ ಬರ್ಬೇಡಿ, ಬಿಸಿನೀರು ಮುಖಕ್ಕೆ ಹಾರ್ತದೆ!”

ಹಿಂದೆ ಕೂತಿದ್ದ ನೆಂಟರು ಇಳಿದು ದೂರದಲ್ಲೇ ನಿಂತರು. ರೇಡಿಯೇಟರ್ ತೂತಾಗಿದೆ ಎಂದ ಸೋದರಮಾವ. ಫ್ಯಾನ್ ಬೆಲ್ಟ್ ಹರಿದಿದೆ ಎಂದ ಚಿಕ್ಕಪ್ಪ. ಹುಡುಗಿಯ ಅಪ್ಪ ಮಾತ್ರ ಹಬೆಯನ್ನೇ ದಿಟ್ಟಿಸುತ್ತಿದ್ದ. ಬೆಳಿಗ್ಗೆ ಹೊರಡುವಾಗ ಒಂಟಿ ಸೀನು ಕೇಳಿಸಿತೆಂದು ಎಲ್ಲರನ್ನೂ ಗಾಡಿಯಿಂದ ಇಳಿಸಿ, ಕೂರಿಸಿ, ನೀರು ಕುಡಿಸಿದ್ದ ಆಸಾಮಿ ಅವನು.

“ಇದು ರಿಪೇರಿ ವಿಷ್ಯ ಅಲ್ಲ, ಅಪಶಕುನ” ಎಂದ.

“ಶಕುನನೂ ಇಲ್ಲ, ಮಣ್ಣೂ ಇಲ್ಲ!” ಮುಂದಿನ ಸೀಟಿನಿಂದ ಅಜ್ಜಿ ಗದರಿದಳು. “ಒಳ್ಳೇ ಸಂಬಂಧ. ಸುಮ್ನೆ ನಡಿಯೋ.”

“ಶುಭಕಾರ್ಯಕ್ಕೆ ಹೊರಟ ಗಾಡಿನೇ ಹಿಂಗೆ ಬುಸುಗುಟ್ಟಿದ್ರೆ ಮುಂದಿನ ಗತಿ ಏನವ್ವ? ಆ ಮನೆ ನನ್ ಮಗಳಿಗೆ ಬೇಡ!”

ಅಜ್ಜಿ ವಾದಿಸಿದಷ್ಟೂ ಅವನ ಹಟ ಏರಿತು. ಗಂಡಿನ ಕಡೆಯವರಿಗೆ ಫೋನ್ ಮಾಡಲು ಹುಣಸೆಮರದತ್ತ ನಡೆದ. ನೆಂಟರೂ ಸಮಾಧಾನ ಹೇಳುತ್ತ ಹಿಂದೆ ಹೋದರು.

ಅಜ್ಜಿಯ ಪಕ್ಕದಲ್ಲಿ, ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದ ಮದುವೆಯ ಹುಡುಗಿ, ಅವಳ ಮೊಮ್ಮಗಳು, ಅಂದು ಮೊದಲ ಬಾರಿಗೆ ತಲೆ ಎತ್ತಿದಳು.

ಕರಿಯಣ್ಣ ಇಂಜಿನ್ ಮೇಲಿಂದ ಹಬೆಯಾಡುತ್ತಿದ್ದ ಒದ್ದೆ ಟವೆಲ್ಲನ್ನು ಎಳೆದು, ಕಿಟಕಿಯಲ್ಲಿ ಅಜ್ಜಿಗೆ ಮರಳಿ ಕೊಟ್ಟ. ಅದರ ಒಂದು ತುದಿ ಸೀದು ಕರಕಲಾಗಿತ್ತು.

ಅಜ್ಜಿ ಅದನ್ನು ಬಿಡಿಸಿ ನೋಡಿ ನಿಟ್ಟುಸಿರುಬಿಟ್ಟಳು. “ಬೆಳಿಗ್ಗೆ ನಾನು ಸೀನಿದಾಗ್ಲೇ ನನ್ ಮಗ ಸುಮ್ನೆ ಮನೇಲಿ ಉಳ್ಕೊಂಡಿದ್ರೆ, ಒಳ್ಳೇ ಟವೆಲ್ಲು ಉಳೀತಿತ್ತು ಕಣಪ್ಪ.”