ಬೆಲ್ಲದ ಕಡಾಯಿಯಲ್ಲಿ ಕೆರೆಯ ಮೇಲೆ

ಹೇಳುವುದರಲ್ಲಿ ಲೋಪವಿದ್ದರೆ ಓದುಗರು ಮನ್ನಿಸಬೇಕು. ಹುಮನಾಬಾದಿನ ಸಂತೆಯಲ್ಲಿ ಹೊಸ ಬೆಲ್ಲದ ವಾಸನೆ ಬಂದರೆ ನನಗೆ ಈಗಲೂ ಕಲ್ಯಾಣದ ಕೆರೆ ನೆನಪಾಗುತ್ತದೆ.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷದ ಮಳೆಗಾಲ. ಕೆರೆ ತುಂಬಿ, ಆಚೆ ದಂಡೆಯ ಶಾಲೆಗೆ ಹೋಗುವ ದಾರಿ ಮುಳುಗಿತ್ತು. ಬೆಲ್ಲ ಕಾಯಿಸುವ ಕಬ್ಬಿಣದ ಕಡಾಯಿಯೇ ನಮಗೆ ದೋಣಿ. ಅಣ್ಣ, ನಾನು ಇಬ್ಬರಲ್ಲಿ ಒಬ್ಬ ಎಮ್ಮೆ ಕಾಯಲೇಬೇಕಿತ್ತು. ಕಡಾಯಿ ನಡೆಸಲು ಕಲಿತವನೇ ಶಾಲೆಗೆ ಎಂದು ಅಪ್ಪ ಹೇಳಿದ್ದರು.

ಒಂದು ಮಧ್ಯಾಹ್ನ ನಾವಿಬ್ಬರೂ ಕಡಾಯಿ ಹತ್ತಿದಾಗ ಅವರು ದಂಡೆಯಿಂದಲೇ, "ನಡುವ ತಳಕ್ಕ ಕುಂಡ್ರಿ. ಅಂಚಿಗಿ ವಾಲಬ್ಯಾಡ್ರಿ. ಏನಾದ್ರೂ ಎದ್ದು ನಿಂದರಬ್ಯಾಡ್ರಿ," ಎಂದರು. ನನ್ನ ಕೈಯಲ್ಲಿ ಗಿರಗಿರನೆ ಸುತ್ತಿದ ಕಡಾಯಿ ಅಣ್ಣನ ಕೈಯಲ್ಲಿ ನೇರವಾಗಿ ಸಾಗಿತು.

"ಶಾಬಾಸ್, ಮಗನ," ಎಂದು ಹೇಳಿ ಅಪ್ಪ ಎಮ್ಮೆ ಕಟ್ಟಲು ಅತ್ತ ತಿರುಗಿದರು. ನನಗೆ ಹೊಟ್ಟೆ ಉರಿಯಿತು.

"ಎಮ್ಮಿ ನಿನ್ನ ದಾರಿ ನೋಡಾಕತ್ತಾವ, ತಮ್ಮಾ," ಎಂದು ಅಣ್ಣ ನಕ್ಕ.

ನಾನು ಎದ್ದು ನಿಂತು ಅವನ ಕೈಯ ಹುಟ್ಟನ್ನು ಎಳೆದೆ. ಕಡಾಯಿ ಮಗುಚಿತು.

ನಮ್ಮನ್ನು ದಂಡೆಗೆ ಎಳೆತಂದ ಅಪ್ಪ, "ಯಾಂವ ಎದ್ದಾಂವ?" ಎಂದು ಕೇಳಿದರು.

"ಅಣ್ಣ," ಎಂದೆ.

ಅಣ್ಣ ಕೆಮ್ಮುತ್ತ ನನ್ನನ್ನೇ ನೋಡಿದ; ಆಮೇಲೆ ಎಮ್ಮೆಗಳ ಕಡೆ ನಡೆದ.

ನೀರು ಇಳಿದ ಮೇಲೆ ನನ್ನನ್ನು ಶಾಲೆಗೆ ಸೇರಿಸಿದರು. ಅಣ್ಣ ಎಮ್ಮೆ ಕಾಯ್ದ. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ.